ಹದಿಹರೆಯದ ಮಕ್ಕಳು, ಸಾಮಾಜಿಕ ಜಾಲತಾಣ ಮತ್ತು ತಂದೆತಾಯಿಗಳ ಹೊಣೆ

ನಮ್ಮ ಹಳೆಯ ಮನೆಗಳ ರಚನೆಯಲ್ಲಿ ಒಂದು ವಿವೇಕವಿತ್ತು. ಹೊರಗಿನಿಂದ ಬಂದವರು ಮೊದಲು ಕಟ್ಟೆಯ ಮೇಲೆ ಕುಳಿತುಕೊಳ್ಳಬೇಕು; ಅಲ್ಲಿಂದ ತಲೆಬಾಗಿಲು ದಾಟಿ ಪಡಸಾಲೆಗೆ ಬರಬೇಕು; ಅಡುಗೆಮನೆಯವರೆಗೆ ಬರುವ ಸಲಿಗೆ ಬಂಧುಬಳಗದವರಿಗೆ ಮಾತ್ರ. ಬಂದವನ ಊರು, ಮನೆತನ, ಬಂದ ಕಾರಣ ಇವನ್ನೆಲ್ಲ ವಿಚಾರಿಸದೆ ಮನೆಯ ಹಿರಿಯರು ಅವನನ್ನು ಒಳಗೆ ಬಿಡುತ್ತಿರಲಿಲ್ಲ. ಇಂದು ಅದೇ ಮನೆಯ ಒಳಕೋಣೆಯಲ್ಲಿ ಹೊದ್ದು ಮಲಗಿರುವ ಹದಿನೈದು ವರ್ಷದ ಬಾಲಕನ ಕೈಯಲ್ಲಿ ಮೊಬೈಲ್ ಇದೆ. ಯಾವ ಊರಿನವನೋ, ಯಾವ ದೇಶದವನೋ ತಿಳಿಯದ ಒಬ್ಬನು ಕಟ್ಟೆ, ತಲೆಬಾಗಿಲು, ಪಡಸಾಲೆ ಯಾವುದನ್ನೂ ದಾಟದೆ ನೇರವಾಗಿ ಆ ಬಾಲಕನ ದಿಂಬಿನ ಬಳಿಗೆ ಬಂದು ಕುಳಿತಿರುತ್ತಾನೆ. ಪಕ್ಕದ ಕೋಣೆಯಲ್ಲಿ ಮಲಗಿರುವ ತಂದೆತಾಯಿಗಳಿಗೆ ಅದರ ಸುಳಿವೂ ಇರುವುದಿಲ್ಲ.

ಮಕ್ಕಳ ಕೈಗೆ ಈ ಸಾಧನವನ್ನು ಕೊಟ್ಟವರು ನಾವೇ. 2020ರ ಮಾರ್ಚ್ ತಿಂಗಳಲ್ಲಿ ಶಾಲೆಗಳು ಮುಚ್ಚಿದಾಗ ಪಾಠವೆಲ್ಲ ಮೊಬೈಲಿನ ಮೂಲಕ ನಡೆಯತೊಡಗಿತು. ಎಷ್ಟೋ ಮನೆಗಳಲ್ಲಿ ಸಾಲ ಮಾಡಿಯಾದರೂ ಮಕ್ಕಳಿಗೆ ಮೊಬೈಲ್ ಕೊಡಿಸಿದರು. ಶಾಲೆಗಳು ಮತ್ತೆ ತೆರೆದವು; ಆದರೆ ಮಕ್ಕಳ ಕೈಗೆ ಹೋದ ಮೊಬೈಲ್ ಹಿಂದಿರುಗಲಿಲ್ಲ. ಇಂದು ತರಗತಿಯ ಸೂಚನೆ, ಟ್ಯೂಷನ್ನಿನ ವೇಳಾಪಟ್ಟಿ, ಗೆಳೆಯರ ಹರಟೆ ಎಲ್ಲವೂ ಅದರಲ್ಲಿಯೇ. ಆದುದರಿಂದ ಅದನ್ನು ಕಸಿದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವುದು ಸಾಧ್ಯವೇ ಎಂಬ ಪ್ರಶ್ನೆಗಿಂತ, ಅದು ಕೈಯಲ್ಲಿದ್ದಾಗಲೂ ಮಗುವನ್ನು ಕಾಪಾಡುವುದು ಹೇಗೆ ಎಂಬ ಪ್ರಶ್ನೆಯೇ ಹೆಚ್ಚು ಪ್ರಯೋಜನಕಾರಿ.

ವಯಸ್ಸಿನ ನಿಯಮ ಮತ್ತು ಕಾನೂನು

2004ರಲ್ಲಿ ಆರಂಭವಾದ ಫೇಸ್‌ಬುಕ್, 2010ರಲ್ಲಿ ಬಂದ ಇನ್‌ಸ್ಟಾಗ್ರಾಂ, 2011ರಲ್ಲಿ ಬಂದ ಸ್ನ್ಯಾಪ್‌ಚಾಟ್ ಇವೆಲ್ಲವೂ ಹದಿಮೂರು ವರ್ಷ ತುಂಬದವರಿಗೆ ಖಾತೆ ಇಲ್ಲವೆಂದು ಹೇಳುತ್ತವೆ. ಈ ಹದಿಮೂರು ಎಂಬ ಸಂಖ್ಯೆ ಬಂದುದು ಮನಶ್ಶಾಸ್ತ್ರದಿಂದಲ್ಲ. ಅದಕ್ಕಿಂತ ಕಿರಿಯ ಮಕ್ಕಳ ವಿವರಗಳನ್ನು ಪೋಷಕರ ಒಪ್ಪಿಗೆಯಿಲ್ಲದೆ ಸಂಗ್ರಹಿಸಬಾರದೆಂದು 1998ರಲ್ಲಿ ಅಮೆರಿಕ ಮಾಡಿದ ಕಾಯಿದೆಯೇ ಅದಕ್ಕೆ ಮೂಲ. ಹತ್ತು ವರ್ಷದ ಮಗುವು ಹುಟ್ಟಿದ ವರ್ಷವನ್ನು ತಪ್ಪಾಗಿ ನಮೂದಿಸಿದರೆ ಬಾಗಿಲು ತೆರೆದುಕೊಳ್ಳುತ್ತದೆ ಎಂಬುದನ್ನು ಬಲ್ಲದ ಮಕ್ಕಳಿಲ್ಲ.

ಸರಕಾರಗಳು ಈಗ ಎಚ್ಚೆತ್ತಿವೆ. ಆಸ್ಟ್ರೇಲಿಯಾ ದೇಶವು 2024ರಲ್ಲಿ ಕಾಯಿದೆಯೊಂದನ್ನು ಮಾಡಿ, 2025ರ ಡಿಸೆಂಬರ್ 10ರಿಂದ ಹದಿನಾರು ವರ್ಷದೊಳಗಿನವರು ಪ್ರಮುಖ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ನೋಡಿಕೊಳ್ಳುವ ಹೊಣೆಯನ್ನು ಆ ಸಂಸ್ಥೆಗಳ ಮೇಲೆಯೇ ಹೊರಿಸಿದೆ. ತಪ್ಪಿದರೆ ದಂಡ ಸಂಸ್ಥೆಗೇ ಹೊರತು ಮಗುವಿಗಾಗಲಿ ತಂದೆತಾಯಿಗಾಗಲಿ ಅಲ್ಲ. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸಿ, ಅವರ ವಿವರಗಳ ಬಳಕೆಗೆ ಪೋಷಕರ ಒಪ್ಪಿಗೆ ಬೇಕೆಂದು ವಿಧಿಸುತ್ತದೆ. ಅದು ಹಂತಹಂತವಾಗಿ ಜಾರಿಗೆ ಬರುವಂತೆ 2025ರ ನವೆಂಬರಿನಲ್ಲಿ ನಿಯಮಗಳು ಪ್ರಕಟವಾಗಿವೆ. ಇವೆಲ್ಲ ಸ್ವಾಗತಾರ್ಹ ಕ್ರಮಗಳೇ. ಆದರೆ ರಾತ್ರಿ ಹನ್ನೊಂದು ಗಂಟೆಗೆ ಮಗನ ಮೊಬೈಲಿಗೆ ಸಂದೇಶ ಬಂದಾಗ ಅವನ ಬಳಿ ಯಾವ ಕಾಯಿದೆಯೂ ಕುಳಿತಿರುವುದಿಲ್ಲ.

ವಂಚಕನ ಬಂಡವಾಳ

ಇಂದು ಹದಿಹರೆಯದವರನ್ನು ಕಾಡುತ್ತಿರುವ ಅಪಾಯಗಳಲ್ಲಿ ಅತ್ಯಂತ ಕ್ರೂರವಾದುದನ್ನು ವಿವರಿಸುವುದು ಅವಶ್ಯ. ಸಂಕೋಚದಿಂದ ನಾವು ಮಾತನಾಡದೆ ಉಳಿದರೆ ಅದರ ಲಾಭ ವಂಚಕನಿಗೆ.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಹಾವೇರಿ ಜಿಲ್ಲೆಯ ಒಂದು ರೈತ ಕುಟುಂಬದ ಹುಡುಗನು ಧಾರವಾಡದ ವಸತಿನಿಲಯದಲ್ಲಿದ್ದು ಪಿ.ಯು.ಸಿ. ಓದುತ್ತಿದ್ದಾನೆ. ಹುಡುಗಿಯೊಬ್ಬಳ ಹೆಸರಿನ ಇನ್‌ಸ್ಟಾಗ್ರಾಂ ಖಾತೆಯಿಂದ ಅವನಿಗೆ ಸ್ನೇಹದ ಕೋರಿಕೆ ಬರುತ್ತದೆ. ತನ್ನ ತರಗತಿಯ ಇಬ್ಬರು ಈಗಾಗಲೇ ಆ ಖಾತೆಯ ಪಟ್ಟಿಯಲ್ಲಿರುವುದನ್ನು ಕಂಡು ಅವನು ನಂಬುತ್ತಾನೆ. ಕೆಲವು ದಿನ ಓದು, ಕ್ರಿಕೆಟ್, ಸಿನಿಮಾ ಇವುಗಳ ಮಾತು. ಅನಂತರ ವಾಟ್ಸ್‌ಆ್ಯಪ್ ಅಥವಾ ಟೆಲಿಗ್ರಾಂಗೆ ಬಾ ಎಂಬ ಕರೆ. ಅನಂತರ ರಾತ್ರಿಯ ವೇಳೆ ವಿಡಿಯೋ ಕರೆ. ಆ ಕಡೆ ಕಾಣುವುದು ಮೊದಲೇ ಚಿತ್ರಿಸಿಟ್ಟ ದೃಶ್ಯ. ಈ ಕಡೆ ಹುಡುಗನು ವಯೋಸಹಜವಾದ ಚಾಪಲ್ಯದಿಂದ ಮಾಡಬಾರದ ಕೆಲಸವೊಂದನ್ನು ಮಾಡುತ್ತಾನೆ. ಕೆಲವೇ ನಿಮಿಷಗಳಲ್ಲಿ ಅವನದೇ ಚಿತ್ರ ಅವನ ಮೊಬೈಲಿಗೆ ಬರುತ್ತದೆ. ಜೊತೆಗೆ ಅವನ ಅಕ್ಕ, ಸೋದರಮಾವ, ಉಪನ್ಯಾಸಕರು ಇವರ ಹೆಸರುಗಳಿರುವ ಪಟ್ಟಿ. ‘ಅರ್ಧ ಗಂಟೆಯೊಳಗೆ ಐದು ಸಾವಿರ ಕಳುಹಿಸು, ಇಲ್ಲವಾದರೆ ಇವರೆಲ್ಲರಿಗೂ ಈ ಚಿತ್ರ ಹೋಗುತ್ತದೆ.’ ಹುಡುಗನು ಗೆಳೆಯನಿಂದ ಸಾಲ ಪಡೆದು ಕಳುಹಿಸುತ್ತಾನೆ. ಮರುದಿನ ಹತ್ತು ಸಾವಿರದ ಬೇಡಿಕೆ ಬರುತ್ತದೆ.

ಇದು ಎಲ್ಲಿಯೋ ಒಂದೆಡೆ ನಡೆಯುವ ಅಪರೂಪದ ಸಂಗತಿಯಲ್ಲ. ಅಮೆರಿಕದ ಎಫ್.ಬಿ.ಐ. ಸಂಸ್ಥೆಯು 2022ರ ಡಿಸೆಂಬರಿನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ನೀಡಿ, ಹಿಂದಿನ ಒಂದೇ ವರ್ಷದಲ್ಲಿ ಅಪ್ರಾಪ್ತ ವಯಸ್ಕರನ್ನು ಹೀಗೆ ಬೆದರಿಸಿದ ಬಗ್ಗೆ ಏಳು ಸಾವಿರಕ್ಕೂ ಹೆಚ್ಚು ದೂರುಗಳು ಬಂದಿವೆಯೆಂದೂ, ಕನಿಷ್ಠ ಮೂರು ಸಾವಿರ ಮಕ್ಕಳು ಬಲಿಪಶುಗಳಾಗಿದ್ದಾರೆಂದೂ, ಅವರಲ್ಲಿ ಹೆಚ್ಚಿನವರು ಗಂಡುಮಕ್ಕಳೆಂದೂ, ಹನ್ನೆರಡಕ್ಕೂ ಹೆಚ್ಚು ಮಕ್ಕಳು ಪ್ರಾಣ ಕಳೆದುಕೊಂಡರೆಂದೂ ತಿಳಿಸಿತು. ಹೆಣ್ಣುಮಕ್ಕಳಿದ್ದರೆ ಮಾತ್ರ ಚಿಂತೆ, ಗಂಡುಮಗನಿಗೇನು ಭಯ ಎಂದು ಭಾವಿಸಿರುವ ಮನೆಗಳು ಈ ಸಂಗತಿಯನ್ನು ಗಮನಿಸಬೇಕು.

ಈಗ ಒಂದು ಪ್ರಶ್ನೆಯನ್ನು ವಿಚಾರಿಸೋಣ. ಈ ವಂಚಕನ ಬಂಡವಾಳ ಯಾವುದು? ಅವನ ಬಳಿ ಆಯುಧವಿಲ್ಲ. ಅವನು ಹುಡುಗನನ್ನು ಮುಟ್ಟಲಾರ. ಚಿತ್ರವೊಂದೇ ಅವನ ಬಂಡವಾಳವೆಂದರೆ ಅದೂ ಅರ್ಧ ಸತ್ಯ. ಆ ಹುಡುಗನು ಅದೇ ರಾತ್ರಿ ತಂದೆಗೆ ಫೋನು ಮಾಡಿ, ‘ಅಪ್ಪಾ, ಹೀಗಾಗಿದೆ’ ಎಂದು ಹೇಳಬಲ್ಲವನಾಗಿದ್ದರೆ ಬೆದರಿಕೆಯ ಬಹುಭಾಗದ ಶಕ್ತಿ ಅಲ್ಲಿಯೇ ಕುಸಿಯುತ್ತಿತ್ತು. ‘ಅಪ್ಪನಿಗೆ ತಿಳಿದರೆ ನಾನು ಉಳಿಯಲಾರೆ’ ಎಂಬ ಭಯವೇ ವಂಚಕನ ನಿಜವಾದ ಬಂಡವಾಳ. ಆ ಭಯವನ್ನು ಮಗುವಿನಲ್ಲಿ ಬೆಳೆಸಿದವನು ವಂಚಕನಲ್ಲ. ಅದು ನಮ್ಮ ಮನೆಯಲ್ಲಿ, ನಮ್ಮ ಗದರಿಕೆಯಲ್ಲಿ, ಇನ್ನೊಬ್ಬರ ಮಕ್ಕಳ ಬಗ್ಗೆ ನಾವು ಆಡುವ ಕಟುವಾದ ಮಾತುಗಳಲ್ಲಿ ಬೆಳೆದದ್ದು.

ಜನರ ನಾಲಗೆಯ ಪಾತ್ರ

ಕೆನಡಾ ದೇಶದ ಬ್ರಿಟಿಷ್ ಕೊಲಂಬಿಯಾ ಪ್ರಾಂತದ ಅಮಾಂಡಾ ಟಾಡ್ ಎಂಬ ಬಾಲಕಿಯ ವೃತ್ತಾಂತ ಜಗತ್ತಿಗೆಲ್ಲ ತಿಳಿದದ್ದು. ಇನ್ನೂ ಕಿರಿಯ ತರಗತಿಯಲ್ಲಿದ್ದಾಗ ಅಪರಿಚಿತನೊಬ್ಬನು ಗಣಕಯಂತ್ರದ ಕ್ಯಾಮೆರಾದ ಮೂಲಕ ಅವಳ ಚಿತ್ರವನ್ನು ಸೆರೆಹಿಡಿದು ವರ್ಷಗಟ್ಟಲೆ ಬೆದರಿಸಿದನು. ಶಾಲೆ ಬದಲಾಯಿಸಿದರೂ ಅವನು ಬೆನ್ನು ಬಿಡಲಿಲ್ಲ. ಹೋದ ಕಡೆಯೆಲ್ಲ ಸಹಪಾಠಿಗಳು ಅವಳನ್ನು ಹೀಯಾಳಿಸಿದರು. 2012ರ ಸೆಪ್ಟೆಂಬರಿನಲ್ಲಿ ಅವಳು ಚೀಟಿಗಳ ಮೇಲೆ ತನ್ನ ಕಥೆಯನ್ನು ಬರೆದು ತೋರಿಸಿದ ವಿಡಿಯೋ ಪ್ರಕಟಿಸಿದಳು. ಒಂದು ತಿಂಗಳ ನಂತರ, ಹದಿನೈದನೆಯ ವಯಸ್ಸಿನಲ್ಲಿ, ಅವಳು ಜೀವ ಕಳೆದುಕೊಂಡಳು. ಬೆದರಿಸಿದವನು ಸಮುದ್ರದಾಚೆಯ ನೆದರ್‌ಲೆಂಡ್ಸ್ ದೇಶದವನು. ಅವನನ್ನು ಕೆನಡಾಕ್ಕೆ ಕರೆತಂದು ವಿಚಾರಣೆ ನಡೆಸಿ ಹದಿಮೂರು ವರ್ಷಗಳ ಶಿಕ್ಷೆ ವಿಧಿಸಿದ್ದು 2022ರ ಅಕ್ಟೋಬರಿನಲ್ಲಿ, ಬಾಲಕಿ ತೀರಿಕೊಂಡು ಹತ್ತು ವರ್ಷಗಳಾದ ಮೇಲೆ.

ಇದರಿಂದ ಎರಡು ವಿಷಯಗಳು ಸ್ಪಷ್ಟವಾಗುತ್ತವೆ. ನ್ಯಾಯ ಬಂದೇ ಬರುತ್ತದೆಯಾದರೂ ಅದು ನಿಧಾನವಾಗಿ ಬರುತ್ತದೆ. ಅಲ್ಲಿಯವರೆಗೆ ಮಗುವನ್ನು ಹಿಡಿದು ನಿಲ್ಲಿಸುವವರು ಹತ್ತಿರದವರೇ ಆಗಬೇಕು. ಎರಡನೆಯದಾಗಿ, ದೂರದ ದುಷ್ಟನೊಬ್ಬನ ಕ್ರೌರ್ಯಕ್ಕೆ ಹತ್ತಿರದವರ ನಾಲಗೆ ಬಲ ಕೊಡುತ್ತದೆ. ನಮ್ಮ ಓಣಿಯಲ್ಲಿ, ಬೀಗರ ಮನೆಯಲ್ಲಿ, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರದೋ ಮಗಳ ಚಿತ್ರದ ಬಗ್ಗೆ ಪಿಸುಮಾತು ನಡೆದಾಗ ನಮ್ಮದೇ ಮಗಳು ಅದನ್ನು ಕೇಳಿಸಿಕೊಳ್ಳುತ್ತಿರುತ್ತಾಳೆ. ‘ನಾಳೆ ನನಗೆ ಹೀಗಾದರೆ ಇವರು ಏನೆನ್ನುವರು’ ಎಂಬುದನ್ನು ಅವಳು ಅಂದೇ ನಿರ್ಧರಿಸಿಕೊಳ್ಳುತ್ತಾಳೆ.

ಮುಂಚಿತವಾಗಿ ಕೊಡಬೇಕಾದ ಮಾತು

ಹಾಗಾದರೆ ತಂದೆತಾಯಿಗಳು ಮೊದಲು ಮಾಡಬೇಕಾದುದೇನು? ಆಪತ್ತು ಬರುವುದಕ್ಕೆ ಮುಂಚೆಯೇ ಮಗುವಿಗೆ ಸ್ಪಷ್ಟವಾಗಿ ಒಂದು ಮಾತು ಕೊಡಬೇಕು. ಊಟದ ಸಮಯದಲ್ಲಿಯೋ ಹೊಲದ ದಾರಿಯಲ್ಲಿಯೋ ಸಾವಧಾನವಾಗಿ ಹೀಗೆ ಹೇಳಬಹುದು: ‘ತಮ್ಮಾ, ಮೊಬೈಲಿನಲ್ಲಿ ಯಾರಾದರೂ ನಿನ್ನನ್ನು ಹೆದರಿಸಿದರೆ, ನಿನ್ನ ಕಡೆಯಿಂದ ತಪ್ಪಾಗಿದ್ದರೂ ಸರಿಯೆ, ಮೊದಲು ನನಗೆ ಹೇಳು. ನಾನು ಹೊಡೆಯುವುದಿಲ್ಲ, ಮೊಬೈಲ್ ಕಸಿದುಕೊಳ್ಳುವುದಿಲ್ಲ, ಓದು ಬಿಡಿಸುವುದಿಲ್ಲ. ಇಬ್ಬರೂ ಕೂಡಿ ಪರಿಹರಿಸೋಣ.’ ಹೆಣ್ಣುಮಗಳಿಗೆ ಈ ಮಾತನ್ನು ಎರಡು ಸಲ ಹೇಳಬೇಕು. ಏಕೆಂದರೆ ಹುಡುಗಿ ಬೆದರಿಕೆಗೆ ಒಳಗಾದಳೆಂದು ತಿಳಿದೊಡನೆ ಕಾಲೇಜು ಬಿಡಿಸಿ ಮದುವೆಯ ಮಾತು ತೆಗೆಯುವ ಮನೆಗಳು ಇಲ್ಲದಿಲ್ಲ. ಅಪರಾಧ ಮಾಡಿದವನು ಸುಖವಾಗಿರುತ್ತಾನೆ, ಶಿಕ್ಷೆ ಅನುಭವಿಸುವವಳು ಮಗಳು. ಇದನ್ನು ಬಲ್ಲ ಹುಡುಗಿ ಹೇಗೆ ತಾನೇ ಬಾಯಿ ಬಿಡುವಳು?

‘ಉಪ್ಪು ತಿಂದವನು ನೀರು ಕುಡಿಯಬೇಕು’ ಎಂಬ ಗಾದೆಯನ್ನು ಕೆಲವು ಹಿರಿಯರು ಇಲ್ಲಿ ನೆನಪಿಸಬಹುದು. ಆ ಗಾದೆ ಬುದ್ಧಿ ಬಲಿತವರಿಗೆ ಸಲ್ಲುವಂಥದು. ಹದಿನೈದರ ಹುಡುಗನ ಒಂದು ಗಳಿಗೆಯ ಅವಿವೇಕಕ್ಕೂ, ಅವನನ್ನು ಬಲೆಗೆ ಕೆಡವಲೆಂದೇ ಕುಳಿತ ವಂಚಕನ ಅಪರಾಧಕ್ಕೂ ಒಂದೇ ತಕ್ಕಡಿ ಸಲ್ಲದು. ಮಗುವಿಗೆ ಬುದ್ಧಿವಾದ ಬೇಕು, ನಿಜ. ಅದು ಆಪತ್ತು ಕಳೆದ ಮೇಲಿನ ಮಾತು. ಕೊಟ್ಟ ಮಾತನ್ನು ಒಂದು ಸಲ ಮುರಿದರೆ ಮಗು ಎರಡನೆಯ ಸಲ ನಮ್ಮ ಬಳಿ ಬರುವುದಿಲ್ಲ.

ಕದ ಹಾಕುವ ಕ್ರಮ

ಮಾತಿನ ಜೊತೆಗೆ ಕೆಲವು ಕದಗಳನ್ನೂ ಹಾಕಬೇಕು. ಇದನ್ನು ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಮಾಡಬೇಕು. ಕದ್ದು ನೋಡುವ ತಂದೆತಾಯಿಗಳಿಂದ ಬಚ್ಚಿಟ್ಟುಕೊಳ್ಳಲು ಮಕ್ಕಳು ಎರಡನೆಯ ಖಾತೆ ತೆರೆಯುತ್ತಾರೆ.

ಮೊದಲನೆಯದಾಗಿ, ಖಾತೆಯಲ್ಲಿ ನಿಜವಾದ ಜನ್ಮವರ್ಷವಿದೆಯೇ ನೋಡಬೇಕು. ಇನ್‌ಸ್ಟಾಗ್ರಾಂ ಸಂಸ್ಥೆಯು 2024ರಲ್ಲಿ ಹದಿಹರೆಯದವರ ಖಾತೆ ಎಂಬ ವ್ಯವಸ್ಥೆಯನ್ನು ಪ್ರಕಟಿಸಿ, 2025ರ ಫೆಬ್ರವರಿಯಲ್ಲಿ ಭಾರತಕ್ಕೂ ವಿಸ್ತರಿಸುವುದಾಗಿ ಘೋಷಿಸಿತು. ಅದರಲ್ಲಿ ಖಾತೆ ತಾನಾಗಿಯೇ ಖಾಸಗಿಯಾಗಿರುತ್ತದೆ. ಅಪರಿಚಿತರು ಸಂದೇಶ ಕಳುಹಿಸಲಾಗದು. ರಾತ್ರಿ ಹತ್ತರಿಂದ ಬೆಳಗಿನ ಏಳರವರೆಗೆ ಸೂಚನೆಗಳ ಸದ್ದು ನಿಲ್ಲುತ್ತದೆ. ಹದಿನಾರು ತುಂಬದವರು ಇವನ್ನು ಸಡಿಲಿಸಲು ಪೋಷಕರ ಒಪ್ಪಿಗೆ ಬೇಕು. ಆದರೆ ಮಗು ತಾನು ಇಪ್ಪತ್ತು ವರ್ಷದವನೆಂದು ಬರೆದಿದ್ದರೆ ಈ ರಕ್ಷಣೆಗಳು ಅವನಿಗೆ ದೊರೆಯದೇ ಹೋಗಬಹುದು.

ಎರಡನೆಯದಾಗಿ, ವಾಟ್ಸ್‌ಆ್ಯಪಿನ ಗೋಪ್ಯತೆಯ ವಿಭಾಗದಲ್ಲಿ ಭಾವಚಿತ್ರವನ್ನು ನೋಡುವವರು ಮತ್ತು ಗುಂಪಿಗೆ ಸೇರಿಸುವವರು ಪರಿಚಿತರು ಮಾತ್ರ ಎಂಬಂತೆ ಬದಲಾಯಿಸಬೇಕು. ಅಪರಿಚಿತ ಕರೆಗಳ ಸದ್ದಡಗಿಸುವ ಅನುಕೂಲವೂ ಅಲ್ಲಿಯೇ ಇದೆ. ಸ್ನ್ಯಾಪ್‌ಚಾಟಿನ ನಕಾಶೆಯಲ್ಲಿ ಮಗು ಇರುವ ಸ್ಥಳ ಕಾಣದಂತೆ ಮಾಡಬೇಕು. ‘ಒಮ್ಮೆ ನೋಡಿದ ಮೇಲೆ ಅಳಿಸಿಹೋಗುತ್ತದೆ’ ಎಂಬ ಚಿತ್ರವನ್ನು ಇನ್ನೊಂದು ಮೊಬೈಲಿನಿಂದ ಸೆರೆಹಿಡಿಯಬಹುದೆಂಬುದನ್ನು ಮಗುವಿಗೆ ಪ್ರತ್ಯಕ್ಷ ಮಾಡಿ ತೋರಿಸಬೇಕು.

ಮೂರನೆಯದಾಗಿ, ರಾತ್ರಿ ಮಲಗುವ ಮುನ್ನ ಮನೆಯವರೆಲ್ಲರ ಮೊಬೈಲುಗಳೂ ಪಡಸಾಲೆಯಲ್ಲಿಯೇ ಚಾರ್ಜಿಗೆ ಇರಲಿ. ತಂದೆಯ ಮೊಬೈಲ್ ದಿಂಬಿನ ಕೆಳಗಿದ್ದು ಮಗನದು ಮಾತ್ರ ಪಡಸಾಲೆಯಲ್ಲಿದ್ದರೆ ಆ ನಿಯಮ ವಾರಕ್ಕಿಂತ ಹೆಚ್ಚು ಬಾಳದು.

ಹಿರಿಯರ ನಡತೆಯೂ ಇಲ್ಲಿ ಪ್ರಸ್ತುತ. ಎಸ್.ಎಸ್.ಎಲ್.ಸಿ. ಫಲಿತಾಂಶದ ದಿನ ಮಗಳ ಅಂಕಪಟ್ಟಿಯನ್ನೇ ಫೇಸ್‌ಬುಕ್ಕಿನಲ್ಲಿ ಪ್ರಕಟಿಸುವ ತಂದೆಯರಿದ್ದಾರೆ. ಅದರಲ್ಲಿ ಮಗಳ ಹೆಸರು, ತಂದೆತಾಯಿಗಳ ಹೆಸರು, ಜನ್ಮದಿನಾಂಕ, ಶಾಲೆ ಎಲ್ಲವೂ ಇರುತ್ತವೆ. ವಂಚಕನು ಪರಿಚಿತನಂತೆ ಮಾತು ಆರಂಭಿಸಲು ಇದಕ್ಕಿಂತ ಹೆಚ್ಚು ಬೇಕೇ? ಶೇಕಡಾ ಅಂಕವನ್ನು ಬರೆದು ಸಂತೋಷ ಹಂಚಿಕೊಂಡರೆ ಸಾಕು.

ಆಪತ್ತು ಬಂದಾಗ

ಮಗು ಬಂದು ಹೇಳಿತೆನ್ನೋಣ. ಆಗ ಮೊದಲ ಮಾತು, ‘ಹೇಳಿದ್ದು ಒಳ್ಳೆಯದಾಯಿತು’ ಎಂಬುದಾಗಿರಲಿ. ಅಂದು ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬಾರದು. ಹಣ ಕೊಡಬಾರದು, ಕೊಟ್ಟಷ್ಟೂ ಬೇಡಿಕೆ ಬೆಳೆಯುತ್ತದೆ. ಸಂದೇಶಗಳನ್ನು ಅಳಿಸಬಾರದು. ಬೆದರಿಕೆಯ ಸಂದೇಶ, ಆ ಖಾತೆಯ ಹೆಸರು, ಫೋನ್ ಸಂಖ್ಯೆ, ಹಣ ಕೇಳಿದ ಯು.ಪಿ.ಐ. ವಿಳಾಸ ಇವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಬೇಕು. ಅನಂತರ ಆ ಖಾತೆಯ ಬಗ್ಗೆ ಜಾಲತಾಣದ ಸಂಸ್ಥೆಗೆ ವರದಿ ಮಾಡಿ, ಸಂಪರ್ಕವನ್ನು ಕಡಿಯಬೇಕು. ವಂಚಕನೊಡನೆ ವಾದ ಬೇಡ, ವಿನಂತಿಯೂ ಬೇಡ.

ಹಣ ಹೋಗಿದ್ದರೆ ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಕೇಂದ್ರ ಸರಕಾರದ ರಾಷ್ಟ್ರೀಯ ಸೈಬರ್ ಅಪರಾಧ ವರದಿ ಜಾಲತಾಣದಲ್ಲಿ ಮನೆಯಿಂದಲೇ ದೂರು ಕೊಡಬಹುದು. ನಮ್ಮ ರಾಜ್ಯದ ಜಿಲ್ಲೆಗಳಲ್ಲಿ ಸಿ.ಇ.ಎನ್. ಪೊಲೀಸ್ ಠಾಣೆಗಳು ಈ ಬಗೆಯ ಅಪರಾಧಗಳಿಗೆಂದೇ ಇವೆ. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ದೊರೆಯುತ್ತದೆ. ಮಗು ಮಾತು ಕಡಿಮೆ ಮಾಡಿದರೆ, ಊಟ ನಿದ್ರೆ ಬಿಟ್ಟರೆ, ಬದುಕು ಬೇಡವೆಂದರೆ 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಹದಿನೆಂಟು ತುಂಬುವ ಮೊದಲಿನ ಇಂತಹ ಚಿತ್ರಗಳು ಹರಡದಂತೆ ತಡೆಯಲು ಟೇಕ್ ಇಟ್ ಡೌನ್ ಎಂಬ ಉಚಿತ ಸೇವೆ 2023ರಿಂದ ಇದೆ. ಅದರಲ್ಲಿ ಚಿತ್ರವು ನಮ್ಮ ಮೊಬೈಲಿನಿಂದ ಹೊರಗೆ ಹೋಗುವುದಿಲ್ಲ. ಬೆರಳಚ್ಚಿನಂತಹ ಒಂದು ಗುರುತು ಮಾತ್ರ ಹೋಗಿ, ಆ ಸೇವೆಗೆ ಸೇರಿದ ಜಾಲತಾಣಗಳು ಚಿತ್ರವನ್ನು ಪತ್ತೆ ಹಚ್ಚಲು ನೆರವಾಗುತ್ತದೆ.

‘ಠಾಣೆಯ ಮೆಟ್ಟಿಲು ಹತ್ತಿದರೆ ಮನೆತನದ ಮರ್ಯಾದೆ ಏನಾದೀತು’ ಎಂಬ ಅಳುಕು ಅನೇಕರಲ್ಲಿದೆ. ಅವರಿಗಾಗಿಯೇ ಈ ಮಾತು. 2012ರ ಪೋಕ್ಸೊ ಕಾಯಿದೆಯ ಪ್ರಕಾರ ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿ ಅಥವಾ ಅದು ಬಯಸಿದ ಸ್ಥಳದಲ್ಲಿ ದಾಖಲಿಸಿಕೊಳ್ಳಬೇಕು. ಸಾಧ್ಯವಾದ ಮಟ್ಟಿಗೆ ಸಬ್ ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಬರಬೇಕು. ಬಂದವರು ಸಮವಸ್ತ್ರದಲ್ಲಿರಬಾರದು. ಮಗುವನ್ನು ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಮಗುವಿನ ಹೆಸರು, ಊರು, ಶಾಲೆ ಯಾವುದನ್ನೂ ಪತ್ರಿಕೆಗಳು ಪ್ರಕಟಿಸುವಂತಿಲ್ಲ. ಮೇಲಾಗಿ, ಇಂತಹ ಅಪರಾಧ ನಡೆದುದನ್ನು ಬಲ್ಲವರು ತಿಳಿಸಲೇಬೇಕೆಂಬುದೂ ಆ ಕಾಯಿದೆಯ ವಿಧಿ. ಹಿರಿಯರು ಕುಳಿತು ರಾಜಿ ಮಾಡಿಸಿ ಮುಚ್ಚಿಹಾಕಲು ಇದರಲ್ಲಿ ಅವಕಾಶವಿಲ್ಲ.

ನಮ್ಮ ಮಗನೇ ಮಾಡಿದವನಾದರೆ

ಕೊನೆಯದಾಗಿ, ಹೇಳಲು ಕಹಿಯಾದ ಇನ್ನೊಂದು ಸಂಗತಿ. ಸ್ಪೇನ್ ದೇಶದ ಅಲ್ಮೆಂದ್ರಾಲೆಹೊ ಎಂಬ ಊರಿನಲ್ಲಿ 2023ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಬಾಲಕಿಯರ ನಗ್ನ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಆ ಬಾಲಕಿಯರು ಅಂತಹ ಚಿತ್ರಗಳನ್ನು ಯಾರಿಗೂ ಕಳುಹಿಸಿರಲಿಲ್ಲ. ಜಾಲತಾಣದಲ್ಲಿದ್ದ ಅವರ ಸಾಮಾನ್ಯ ಭಾವಚಿತ್ರಗಳನ್ನು ಕೃತಕ ಬುದ್ಧಿಮತ್ತೆಯ ತಂತ್ರಾಂಶಕ್ಕೆ ಕೊಟ್ಟು ಹಾಗೆ ಮಾರ್ಪಡಿಸಲಾಗಿತ್ತು. ಮಾಡಿದವರು ದೂರದ ವಂಚಕರಲ್ಲ, ಅದೇ ಊರಿನ ಹುಡುಗರು. 2024ರಲ್ಲಿ ಅಲ್ಲಿಯ ಬಾಲನ್ಯಾಯಾಲಯವು ಹದಿನೈದು ಮಂದಿ ಅಪ್ರಾಪ್ತರನ್ನು ಒಂದು ವರ್ಷ ನಿಗಾವಣೆಯಲ್ಲಿರಿಸಲು ಆದೇಶಿಸಿತು. ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆಯ 67ಬಿ ಕಲಮಿನಂತೆ ಮಕ್ಕಳ ಅಶ್ಲೀಲ ಚಿತ್ರವನ್ನು ಪ್ರಕಟಿಸುವುದು ಅಥವಾ ರವಾನಿಸುವುದು ಅಪರಾಧ. ಮೊದಲ ಸಲಕ್ಕೇ ಐದು ವರ್ಷಗಳವರೆಗೆ ಸೆರೆವಾಸ, ಹತ್ತು ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಹದಿನೆಂಟು ತುಂಬದವರ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ ನಡೆಯುತ್ತದೆಯಾದರೂ ಅಪರಾಧ ಅಪರಾಧವೇ. ‘ನಾನು ಮಾಡಲಿಲ್ಲ, ಬಂದದ್ದನ್ನು ಗೆಳೆಯರಿಗೆ ಕಳುಹಿಸಿದೆ, ಅಷ್ಟೆ’ ಎಂಬ ಸಮಜಾಯಿಷಿ ನಡೆಯದು.

ಆದುದರಿಂದ ಮಗಳಿಗೆ ಎಚ್ಚರಿಕೆ ಹೇಳುವ ಮನೆಗಳು ಮಗನಿಗೆ ಸಂಯಮವನ್ನೂ ಕಲಿಸಬೇಕು. ಸಹಪಾಠಿಯ ಚಿತ್ರ ಕೈಗೆ ಬಂದರೆ ಯಾರಿಗೂ ಕಳುಹಿಸದೆ, ನಗದೆ, ನಂಬಿಕೆಯ ಹಿರಿಯರಿಗೆ ತಿಳಿಸುವುದೇ ಗಂಡಸ್ತನವೆಂದು ತಂದೆಯೇ ಅವನಿಗೆ ಹೇಳಬೇಕು.

ಈ ಲೇಖನವನ್ನು ಓದಿದ ಗೃಹಸ್ಥರಲ್ಲಿ ಒಂದು ವಿನಂತಿ. ಖಾತೆ, ಗೋಪ್ಯತೆ, ಜನ್ಮವರ್ಷ ಇವುಗಳ ವ್ಯವಸ್ಥೆಯನ್ನು ಬರುವ ಭಾನುವಾರ ಮಕ್ಕಳ ಜೊತೆ ಕುಳಿತು ಸರಿಪಡಿಸಬಹುದು. 1930, 1098, 14416 ಈ ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಪಡಸಾಲೆಯ ಗೋಡೆಗೆ ಅಂಟಿಸಬಹುದು. ಆದರೆ ಮೇಲೆ ಹೇಳಿದ ಮಾತನ್ನು ಮಕ್ಕಳಿಗೆ ಕೊಡಲು ಭಾನುವಾರದವರೆಗೆ ಕಾಯುವುದು ಬೇಡ. ಮಗ ವಸತಿನಿಲಯದಲ್ಲಿದ್ದರೆ ಇಂದು ಸಂಜೆಯೇ ಫೋನು ಮಾಡಿ ಹೇಳಿರಿ.